‘ಮನೆಗಷ್ಟೇ ಸೀಮಿತ’ ಎಂಬ ಮಾತಿಗೆ ನನ್ನದೊಂದು ತಕರಾರು

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಬಂದ ಒಂದು ಬರಹದ ತಲೆಬರಹ, ‘ಈ ಸಲವೂ ಮನೆಗಷ್ಟೇ ಸೀಮಿತವೇ ಈಸ್ಟರ್?’ ಬರಹ ಚೆನ್ನಾಗಿತ್ತು. ನನ್ನ ತಕರಾರು ಇರುವುದು ಆ ‘ಅಷ್ಟೇ’ ಮೇಲೆ, ಮನೆಯಲ್ಲಿ ಮಾಡಿದ ಹಬ್ಬ ಏನೋ ಕಡಿಮೆ ಅನ್ನುವ ಅದರ ಧ್ವನಿಯ ಮೇಲೆ.

ಈ ವರ್ಷ, ಅಂದರೆ 2021ರಲ್ಲಿ, ಈಸ್ಟರ್ ಏಪ್ರಿಲ್ 4ಕ್ಕೆ ಬಂದಿದೆ. ಈ ಕೋವಿಡ್ ಕಾಲದಲ್ಲಿ, ಅಷ್ಟರಲ್ಲಿ ಚರ್ಚಿನ ಬಾಗಿಲು ತೆರೆಯುತ್ತದೋ ಇಲ್ಲವೋ, ತೆರೆದರೂ ಎಷ್ಟು ಜನರನ್ನು ಒಳಗೆ ಬಿಡುತ್ತಾರೋ, ಯಾರಿಗೂ ಗೊತ್ತಿಲ್ಲ. ಒಂದು ಮಾತ್ರ ಖಚಿತ. ಜಾಗ ಕಡಿಮೆ ಬಿದ್ದರೆ ‘ನೀವು ಮನೆಯಲ್ಲೇ ಇರಿ’ ಅಂತ ಮೊದಲು ಹೇಳುವುದು ಚಿಕ್ಕ ಮಕ್ಕಳಿರುವವರಿಗೆ. ಹಾಗಾಗಿ ಕಳೆದ ವರ್ಷ ನಮ್ಮ ಮನೆಯಲ್ಲಿ ಏನಾಯಿತು ಅಂತ ಬರೆಯುತ್ತಿದ್ದೇನೆ. ಪತ್ರ ಉದ್ದವಾಗಿದೆ. ಕತ್ತರಿ ಹಾಕುವ ಹಕ್ಕು ನಿಮ್ಮದು. ‘ಕಲ್ಲಿನ’ ಭಾಗ ಮಾತ್ರ ಮುಟ್ಟಬೇಡಿ.

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ನಾನು 14 ವರ್ಷದಿಂದ ಚರ್ಚಿನ ಗಾಯನ ತಂಡದಲ್ಲಿ ಕೀಬೋರ್ಡ್ ನುಡಿಸುತ್ತೇನೆ. ಪಾಸ್ಕ ಜಾಗರಣೆಯ ರಾತ್ರಿ, ಅಂದರೆ ಈಸ್ಟರ್ ಹಿಂದಿನ ರಾತ್ರಿಯ ಪೂಜೆಯಲ್ಲಿ, ನನ್ನ ಜಾಗ ಮೇಲಿನ ಅಟ್ಟ. ಹೆಂಡತಿಯ ಜಾಗ ಕೆಳಗೆ, ಕೊನೆಯ ಸಾಲು, ಬಾಗಿಲ ಪಕ್ಕ. ಮಕ್ಕಳು ಅತ್ತರೆ ಎತ್ತಿಕೊಂಡು ಓಡೋಕೆ ಸುಲಭ ಅಂತ. ನಾನು ಮೇಲಿನಿಂದ ನೋಡಿದರೆ ಮಕ್ಕಳ ನೆತ್ತಿ ಕಾಣುತ್ತಿತ್ತು, ಅಷ್ಟೇ. (ನೋಡಿ, ನಾನೂ ಬಳಸಿಬಿಟ್ಟೆ.) ಹಬ್ಬ ಮುಗಿಸಿ ಮನೆಗೆ ಬಂದರೆ ನನಗೆ ಸಂಭ್ರಮ, ಅವಳಿಗೆ ಬೆನ್ನು ನೋವು. ಯಾಕೆ ಅಂತ ಒಂದು ವರ್ಷವೂ ಕೇಳಿರಲಿಲ್ಲ.

ಕಳೆದ ಮಾರ್ಚ್ 11ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಪಿಡುಗು ಅಂತ ಕರೆಯಿತು. ಆಮೇಲೆ ಎಲ್ಲ ಬಾಗಿಲುಗಳೂ ಒಂದೊಂದಾಗಿ ಮುಚ್ಚಿದವು. ಮಗಳಿಗೆ ಆಗ ಏಳು, ಮಗನಿಗೆ ನಾಲ್ಕು. ಮಾರ್ಚ್ 27ರಂದು ಪೋಪ್ ಫ್ರಾನ್ಸಿಸ್ ವ್ಯಾಟಿಕನ್ನಿನ ಸಂತ ಪೇತ್ರರ ಚೌಕದಲ್ಲಿ ಮಳೆಯ ನಡುವೆ ಒಬ್ಬರೇ ನಡೆದು ಬಂದಿದ್ದನ್ನು ಟಿವಿಯಲ್ಲಿ ನೋಡುತ್ತಿದ್ದೆವು. ಖಾಲಿ ಚೌಕ ನೋಡಿ ನಮಗಿಬ್ಬರಿಗೂ ಗಂಟಲು ಕಟ್ಟಿತ್ತು. ಮಗ ಕೇಳಿದ, ‘ಆ ತಾತಂಗೆ ಯಾರೂ ಕೊಡೆ ಕೊಡ್ಲಿಲ್ವಾ?’ ಆಮೇಲೆ ಅವರು ತುಂಬ ಹೊತ್ತು ಮೌನವಾಗಿ ಪ್ರಾರ್ಥಿಸಿದಾಗ ಮಗಳು ರಿಮೋಟ್ ಎತ್ತಿಕೊಂಡಳು. ‘ಅಪ್ಪ, ಮ್ಯೂಟ್ ಆಗಿದೆ.’

ಹುಟ್ಟುಹಬ್ಬ ಮುಂದಕ್ಕೆ ಹಾಕಿದ್ದಕ್ಕೆ ಅವಳಿಗೆ ಮೊದಲೇ ಸಿಟ್ಟಿತ್ತು. ‘ನನ್ನ ಬರ್ತ್‌ಡೇ ಮುಂದಕ್ಕೆ ಹಾಕಿದ್ರಲ್ಲ, ಈಸ್ಟರ್ ಯಾಕೆ ಹಾಕಲ್ಲ?’ ನ್ಯಾಯವಾದ ಪ್ರಶ್ನೆ ಅಲ್ವಾ? ರೋಮಿನಿಂದಲೂ, ಅಂದರೆ ಪೋಪರ ಆಡಳಿತದಿಂದಲೂ, ಆಗ ಇದೇ ಮಾತು ಬಂದಿತ್ತು, ಈಸ್ಟರ್ ದಿನವನ್ನು ಬದಲಿಸಲು ಆಗುವುದಿಲ್ಲ ಅಂತ. ಅದನ್ನು ಏಳು ವರ್ಷದವಳಿಗೆ ಹೇಳುವುದು ಹೇಗೆ? ಚಂದ್ರನ ಲೆಕ್ಕ ಹೇಳಿದೆ. ಮಾರ್ಚ್ 21 ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ಯಾವುದು ನೋಡು, ಅದಾದ ಮೇಲಿನ ಭಾನುವಾರವೇ ಈಸ್ಟರ್. ಕಳೆದ ವರ್ಷ ಹುಣ್ಣಿಮೆ ಏಪ್ರಿಲ್ 8ಕ್ಕೆ, ಹಬ್ಬ 12ಕ್ಕೆ. ಆ ಹುಣ್ಣಿಮೆಯ ಚಂದ್ರ ಇಡೀ ವರ್ಷದಲ್ಲೇ ದೊಡ್ಡದು. ಕಿಟಕಿಯಲ್ಲಿ ಇಬ್ಬರೂ ತಲೆ ತೂರಿಸಿ ನೋಡಿದರು. ‘ಚಂದ್ರನ್ನ ನಿಲ್ಲಿಸೋಕೆ ಆಗಲ್ಲ, ಅದಕ್ಕೇ ಹಬ್ಬನೂ ನಿಲ್ಲಲ್ಲ’ ಅಂತ ಅವಳು ತಮ್ಮನಿಗೆ ವಿವರಿಸಿದಳು. ಈ ವರ್ಷ ಹುಣ್ಣಿಮೆ ಸರಿಯಾಗಿ ಭಾನುವಾರವೇ ಬಿದ್ದಿದೆ, ಮಾರ್ಚ್ 28. ಹಾಗಾಗಿ ಹಬ್ಬ ಅದರ ಮುಂದಿನ ಭಾನುವಾರ. ಇದನ್ನು ನಾನು ಹೇಳುವ ಮುಂಚೆ ಅವಳೇ ಕ್ಯಾಲೆಂಡರಿನಲ್ಲಿ ಲೆಕ್ಕ ಹಾಕಿ ಇಟ್ಟಿದ್ದಾಳೆ.

ನಮ್ಮ ಚರ್ಚಿನಿಂದ ಮೊಬೈಲಿಗೆ ಬಂದಿದ್ದು ಎರಡು. ಒಂದು ವಿಡಿಯೊ ಲಿಂಕು, ಒಂದು 38 ಪುಟದ ಪಿಡಿಎಫ್. ಯಾರನ್ನೂ ದೂರುತ್ತಿಲ್ಲ, ಪಾಪ, ಅವರಿಗೂ ಹೊಸದು. ಆದರೆ ನಾಲ್ಕು ವರ್ಷದವನನ್ನು ಪಕ್ಕದಲ್ಲಿ ಕೂರಿಸಿಕೊಂಡು 38 ಪುಟ ಓದಿದವರು ಯಾರಾದರೂ ಇದ್ದರೆ ಅವರಿಗೆ ನನ್ನ ದೊಡ್ಡ ನಮಸ್ಕಾರ. ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ನಾವು ವಿಡಿಯೊ ಹಾಕಿ ಕೂತೆವು. ಹನ್ನೊಂದನೇ ನಿಮಿಷಕ್ಕೆ ಮಗ ಸೋಫಾದ ಹಿಂದೆ ಇದ್ದ. ಇಪ್ಪತ್ತನೇ ನಿಮಿಷಕ್ಕೆ ಹೆಂಡತಿ ಎದ್ದು ನಿಂತು, ‘ಹತ್ತಿರ ಹತ್ತಿರ ಎಂಟು ವರ್ಷ ನಾನು ನೋಡಿಕೊಂಡಿದ್ದೀನಿ. ಈ ವಾರ ನಿಮ್ದು’ ಅಂದಳು. ಹೇಳಿ ಒಳಗೆ ಹೋಗಿ ಮಲಗಿದಳು.

ಸರಿ. ಹಸಿರು ಕಾಗದ ತೆಗೆದು ಇಬ್ಬರ ಕೈಯನ್ನೂ ಅದರ ಮೇಲಿಟ್ಟು ಗೆರೆ ಎಳೆದೆ, ಕತ್ತರಿಸಿದೆ, ಕಡ್ಡಿಗೆ ಅಂಟಿಸಿದೆ. ಅದೇ ನಮ್ಮ ಗರಿ. ಮಗ ತಾನೇ ಬರೆದುಕೊಂಡ ಕೈಗೆ ಆರು ಬೆರಳು. ಬಾಗಿಲಿಗೆ ಸಿಕ್ಕಿಸಿದೆವು. ಅವು ಈಗಲೂ ಅಲ್ಲೇ ಇವೆ, ಬಣ್ಣ ಹೋಗಿ ಹಳದಿಯಾಗಿವೆ.

ಗುರುವಾರ, ಯೇಸು ಶಿಷ್ಯರ ಪಾದ ತೊಳೆದಿದ್ದರ ನೆನಪಿಗೆ, ಪಾದ ತೊಳೆಯುವ ದಿನ. ಆ ವರ್ಷ ಚರ್ಚುಗಳಲ್ಲಿ ಆ ವಿಧಿಯನ್ನು ಬಿಡಬೇಕು ಅಂತ ರೋಮಿನಿಂದಲೇ ಬರೆದಿದ್ದರು. ಹಾಗಾದರೆ ಮನೆಯಲ್ಲಿ ಮಾಡೋಣ ಅಂತ ಒಂದು ಟಬ್ಬಿನಲ್ಲಿ ಬಿಸಿನೀರು ತಂದಿಟ್ಟೆ. ಮಗ ಕಾಲು ಹಿಂದಕ್ಕೆ ಎಳೆದುಕೊಂಡ. ‘ನನ್ ಕಾಲು ಕೊಳೆ ಇಲ್ಲ. ನೀನ್ ತೊಳೀಬೇಡ.’ ತೊಳೆಸಿಕೊಳ್ಳದಿದ್ದರೆ ಆಟಕ್ಕೆ ಸೇರಿಸಲ್ಲ ಅಂತ ಅಕ್ಕ ಹೇಳಿದಳು. ಅವನು ಒಂದು ಕ್ಷಣ ಯೋಚಿಸಿ, ‘ಹಂಗಾದ್ರೆ ತಲೆನೂ ತೊಳಿ’ ಅಂತ ಬಟ್ಟೆ ಬಿಚ್ಚೋಕೆ ಶುರು ಮಾಡಿದ. ಬೈಬಲಿನ ಯೊವಾನ್ನರ ಶುಭಸಂದೇಶದ 13ನೇ ಅಧ್ಯಾಯ ತೆರೆದು ನೋಡಿ. ಶಿಷ್ಯ ಪೇತ್ರ ಮೊದಲು ಬೇಡ ಅನ್ನುತ್ತಾನೆ, ಆಮೇಲೆ ಕೈ, ತಲೆ ಎಲ್ಲ ತೊಳಿ ಅನ್ನುತ್ತಾನೆ. ಆ ಭಾಗವನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅದರಲ್ಲಿ ನಗು ಇದೆ ಅಂತ ಗೊತ್ತಾಗಿದ್ದು ಆ ದಿನ.

ಕೊನೆಗೆ ಮಗಳು ಅಮ್ಮನ ಕಾಲು ತೊಳೆದಳು. ಕೈ ತೊಳೆಯೋಕೆ ಕಲಿಸಿದ ಹಾಗೆಯೇ, ಇಪ್ಪತ್ತರವರೆಗೆ ಎಣಿಸಿ, ಬೆರಳ ಸಂದಿಯನ್ನೂ ಬಿಡದೆ. ಹೆಂಡತಿ ಏನೂ ಮಾತಾಡಲಿಲ್ಲ. ನೆಲ ಒರೆಸಿದ್ದು ನಾನು.

ಶುಕ್ರವಾರದ ಬಗ್ಗೆ ಬರೆಯೋಕೆ ಕಷ್ಟ.

ನನ್ನ ದೊಡ್ಡಪ್ಪ ಅದೇ ಮಾರ್ಚ್ ಕೊನೆಯಲ್ಲಿ ತೀರಿಕೊಂಡಿದ್ದರು. ಕೋವಿಡ್ ಅಲ್ಲ, ವಯಸ್ಸು. ಓಡಾಟ ನಿಂತಿತ್ತು, ಹೋಗೋಕೆ ಆಗಲಿಲ್ಲ. ಮಣ್ಣು ಮಾಡಿದ್ದನ್ನು ಫೋನಿನಲ್ಲಿ ನೋಡಿದೆವು, ಅದೂ ನಡುನಡುವೆ ನಿಂತು ನಿಂತು. ಮಕ್ಕಳಿಗೆ ತೋರಿಸಬಾರದು ಅಂದುಕೊಂಡಿದ್ದೆ. ಮಗಳು ಬಾಗಿಲ ಹಿಂದೆ ನಿಂತಿದ್ದಳು ಅಂತ ಆಮೇಲೆ ತಿಳಿಯಿತು. ಶುಭ ಶುಕ್ರವಾರ ಮಧ್ಯಾಹ್ನ ಟಿವಿ ಆಫ್ ಮಾಡಿ, ಸಾವಿನ ಸಂಖ್ಯೆ ಹೇಳುವ ಆ ಪಟ್ಟಿ ಕಣ್ಣಿಗೆ ಬೀಳದ ಹಾಗೆ ಮಾಡಿ, ಶಿಲುಬೆಯ ಕತೆ ಹೇಳಿದೆ. ಚಿಕ್ಕದಾಗಿ ಹೇಳಿದೆ. ಸಮಾಧಿಗೆ ದೊಡ್ಡ ಕಲ್ಲು ಮುಚ್ಚಿದರು ಅನ್ನುವಲ್ಲಿಗೆ ಬಂದೆ. ಅವಳು ಕೇಳಿದಳು, ‘ದೊಡ್ಡ ತಾತಂಗೂ ಕಲ್ಲು ಇಟ್ರಾ?’

ಇಟ್ಟಿರಬಹುದು ಅಂದೆ.

‘ಅವರ ಕಲ್ಲು ಯಾವಾಗ ತೆಗೀತಾರೆ?’

14 ವರ್ಷ ‘ಅಲ್ಲೆಲೂಯ’ಕ್ಕೆ ಶ್ರುತಿ ಹಿಡಿದು ಕೊಟ್ಟವನು ನಾನು. ಒಂದು ಉತ್ತರವೂ ಬರಲಿಲ್ಲ. ಭಾನುವಾರ ತೆಗೀತಾರೆ ಅಂದಿದ್ದರೆ ಸುಳ್ಳಾಗುತ್ತಿತ್ತು. ತೆಗೆಯಲ್ಲ ಅನ್ನೋಕೆ ನನಗೆ ಬಾಯಿ ಬರಲ್ಲ. ‘ತೆಗೀತಾರೆ ಅಂತ ನಾವು ನಂಬಿದ್ದೀವಿ ಮಗಳೇ. ಯಾವಾಗ ಅಂತ ಅಪ್ಪಂಗೂ ಗೊತ್ತಿಲ್ಲ’ ಅಂದೆ. ಅವಳು ‘ಸರಿ’ ಅಂದಳು. ಸ್ವಲ್ಪ ಹೊತ್ತಿನ ಮೇಲೆ, ‘ಅಜ್ಜಿಗೆ ಫೋನ್ ಮಾಡೋಣ’ ಅಂದಳು. ಮಾಡಿದೆವು. ಆ ಪ್ರಶ್ನೆಯನ್ನು ಅವಳು ಚರ್ಚಿನಲ್ಲಿ ಕೇಳಿದ್ದರೆ ನಾವು ಏನು ಮಾಡುತ್ತಿದ್ದೆವು ಹೇಳಿ? ‘ಶ್... ಪೂಜೆ ನಡೀತಿದೆ’ ಅನ್ನುತ್ತಿದ್ದೆವು. ಅಷ್ಟರಲ್ಲಿ ಅದು ಹೋಗಿಯೇ ಬಿಡುತ್ತಿತ್ತು.

ಶನಿವಾರ ಮೊಟ್ಟೆಗೆ ಬಣ್ಣ. ಇದನ್ನು ವಿವರವಾಗಿ ಬರೆಯುತ್ತೇನೆ, ಯಾರಿಗಾದರೂ ಕೆಲಸಕ್ಕೆ ಬರಬಹುದು. ಅಂಗಡಿಯ ಬಣ್ಣ ಬೇಕಿಲ್ಲ. ಎಂಟು ಹತ್ತು ಈರುಳ್ಳಿಯ ಒಣಸಿಪ್ಪೆಯನ್ನು ನೀರಿಗೆ ಹಾಕಿ ಚೆನ್ನಾಗಿ ಕುದಿಸಿ ಸೋಸಿ. ಒಂದೆರಡು ಚಮಚ ವಿನೆಗರ್ ಹಾಕಿ. ಮೊಟ್ಟೆಯ ಚಿಪ್ಪು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಹುಳಿ ತಾಗಿದರೆ ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಬೇಯಿಸಿದ ಮೊಟ್ಟೆಯನ್ನು ಅದರಲ್ಲಿ ಮುಳುಗಿಸಿಡಿ. ಇಟ್ಟಿಗೆ ಕೆಂಪು ಬರುತ್ತದೆ. ಅರಿಶಿನದಲ್ಲಿ ಹಳದಿ. ನೇರಳೆ ಬಣ್ಣದ ಎಲೆಕೋಸು ಕುದಿಸಿದ ನೀರಲ್ಲಿ ಹಾಕಿದರೆ ಮೊಟ್ಟೆ ನೀಲಿಯಾಗುತ್ತದೆ, ನೇರಳೆ ಅಲ್ಲ. ಅದನ್ನು ನೋಡಿ ಮಗ ಕೂಗಿದ ಕೂಗು ಇನ್ನೂ ಕಿವಿಯಲ್ಲಿದೆ. ಮೊಟ್ಟೆಗೆ ರಬ್ಬರ್ ಬ್ಯಾಂಡ್ ಸುತ್ತಿ ಮುಳುಗಿಸಿದರೆ ಬಿಳಿ ಪಟ್ಟೆ ಬರುತ್ತದೆ. ಬೀಟ್‌ರೂಟ್ ಮಾತ್ರ ನಮ್ಮ ಕೈಗೆ ಹತ್ತಲಿಲ್ಲ, ಒರೆಸಿದರೆ ಹೋಯಿತು. ಹತ್ತರಲ್ಲಿ ನಾಲ್ಕು ಒಡೆದವು.

ಈಸ್ಟರಿಗೆ ಮೊಟ್ಟೆ ಯಾಕೆ ಅಂತ ಪ್ರಶ್ನೆ ಬಂತು. ಹಿಂದೆಲ್ಲ ತಪಸ್ಸುಕಾಲದಲ್ಲಿ, ಅಂದರೆ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ, ಮೊಟ್ಟೆಯನ್ನೂ ತಿನ್ನುತ್ತಿರಲಿಲ್ಲ. ಕೋಳಿಗೆ ತಪಸ್ಸುಕಾಲ ಗೊತ್ತಿಲ್ಲವಲ್ಲ, ಅದು ಇಡುತ್ತಲೇ ಇತ್ತು. ಹಬ್ಬದ ಹೊತ್ತಿಗೆ ಮನೆ ತುಂಬ ಮೊಟ್ಟೆ. ಮುಚ್ಚಿದ ಸಮಾಧಿಯಿಂದ ಜೀವ ಹೊರಗೆ ಬಂದ ಹಾಗೆ ಚಿಪ್ಪಿನಿಂದ ಮರಿ ಬರುತ್ತದೆ ಅನ್ನುವ ಅರ್ಥವನ್ನೂ ಹೇಳಿದೆ. ಮಕ್ಕಳಿಗೆ ಇಷ್ಟವಾಗಿದ್ದು ಕೋಳಿಯ ಕಾರಣ.

ಆ ವಾರವೇ ನ್ಯೂಜಿಲೆಂಡಿನ ಆಗಿನ ಪ್ರಧಾನಿ ಜಸಿಂಡಾ ಆರ್ಡರ್ನ್ ಮಕ್ಕಳಿಗಾಗಿ ಒಂದು ಮಾತು ಹೇಳಿದ್ದರು. ಮಕ್ಕಳಿಗೆ ಮೊಟ್ಟೆ ತಂದಿಡುತ್ತದೆ ಅನ್ನುವ ಕತೆಯ ಈಸ್ಟರ್ ಮೊಲ ಅಗತ್ಯ ಸೇವೆಯವರ ಪಟ್ಟಿಯಲ್ಲಿದೆ, ಆದರೆ ಈ ಸಲ ಎಲ್ಲ ಮನೆಗೂ ಬರೋಕೆ ಆಗದೇ ಇರಬಹುದು ಅಂತ. ಮೊಟ್ಟೆಯ ಚಿತ್ರ ಬರೆದು ಕಿಟಕಿಗೆ ಅಂಟಿಸಿ ಅಂತಲೂ ಹೇಳಿದ್ದರು. ನಾವೂ ಅಂಟಿಸಿದೆವು. ದೇಶ ನಡೆಸುವವರು ಮಕ್ಕಳ ಚಿಂತೆಗೂ ಎರಡು ನಿಮಿಷ ಕೊಟ್ಟರಲ್ಲ ಅಂತ ಹೆಂಡತಿಗೆ ಬಹಳ ಮೆಚ್ಚುಗೆ. ಮೊಲ ಮಾಸ್ಕ್ ಹಾಕ್ಕೊಂಡು ಬರುತ್ತಾ ಅನ್ನುವುದು ಮಗನ ಚಿಂತೆ. ಆ ಕಿವಿಗೆ ಮಾಸ್ಕಿನ ದಾರ ಸಿಕ್ಕಿಸೋದು ಹೇಗೆ ಅಂತ ಅರ್ಧ ಗಂಟೆ ಚರ್ಚೆ ಆಯಿತು.

ಒಂದು ಎಚ್ಚರಿಕೆ. ಅಡಗಿಸಿ ಹುಡುಕಿಸುವ ಆಟಕ್ಕೆ ನಿಜವಾದ ಮೊಟ್ಟೆ ಬೇಡ, ಕಾಗದದ್ದೇ ಸಾಕು. ಬೇಯಿಸಿದ ಮೊಟ್ಟೆ ಫ್ರಿಜ್ಜಿನಿಂದ ಆಚೆ ಎರಡು ಗಂಟೆಗಿಂತ ಜಾಸ್ತಿ ಇದ್ದರೆ ತಿನ್ನಬಾರದು. ಅಡಗಿಸಲೇಬೇಕು ಅಂದರೆ ಎಣಿಸಿ ಅಡಗಿಸಿ. ನಾನು ಎಣಿಸಿರಲಿಲ್ಲ. ಒಂಬತ್ತು ದಿನದ ನಂತರ, ವಾಸನೆಯ ಜಾಡು ಹಿಡಿದು, ಕೀಬೋರ್ಡಿನ ಚೀಲದಲ್ಲಿ ಆರನೇ ಮೊಟ್ಟೆ ಸಿಕ್ಕಿತು. ಆ ಚೀಲ ಎಸೆಯಬೇಕಾಯಿತು. ಇನ್ನೊಂದು, ಸ್ಯಾನಿಟೈಸರ್ ಹಚ್ಚಿದ ಕೈಯಲ್ಲಿ ಮಕ್ಕಳಿಗೆ ಮೇಣದ ಬತ್ತಿ ಕೊಡಬೇಡಿ. ಅದರಲ್ಲಿ ಆಲ್ಕೊಹಾಲ್ ಇದೆ, ಬೆಂಕಿ ಹತ್ತುತ್ತದೆ. ಜಾಗರಣೆಯ ರಾತ್ರಿಗೆ ಸೋಪು ನೀರೇ ಒಳ್ಳೆಯದು.

ಪಾಸ್ಕದ ದೊಡ್ಡ ಮೇಣದ ಬತ್ತಿಯ ಮೇಲೆ ಶಿಲುಬೆ ಇರುತ್ತದೆ, ಗ್ರೀಕ್ ಭಾಷೆಯ ಮೊದಲ ಅಕ್ಷರ, ಕೊನೆಯ ಅಕ್ಷರ ಇರುತ್ತವೆ, ಆ ವರ್ಷದ ನಾಲ್ಕು ಅಂಕಿ ಇರುತ್ತವೆ. ಮನೆಯಲ್ಲಿದ್ದ ದಪ್ಪ ಬತ್ತಿಯೊಂದನ್ನು ಮಗಳಿಗೆ ಕೊಟ್ಟೆ. ಪಿನ್ನಿನಿಂದ ಅವಳೇ ಕೆತ್ತಿದಳು, 2020. ಮೊದಲ ‘2’ ಉಲ್ಟಾ ಬಂದಿದೆ. ಎಲ್ಲ ದೀಪ ಆರಿಸಿ ಅದೊಂದನ್ನು ಹಚ್ಚಿದೆವು. ಮಗ ನನ್ನ ಅಂಗಿ ಹಿಡಿದುಕೊಂಡಿದ್ದ. ಗುರುವಾರದಿಂದ ಮೌನವಾಗಿರುವ ಚರ್ಚಿನ ಗಂಟೆಗಳು ಆ ರಾತ್ರಿ ಮಹಿಮಾಗೀತೆಗೆ ಒಟ್ಟಿಗೆ ಬಾರಿಸುತ್ತವೆ. ನಮ್ಮಲ್ಲಿ ಗಂಟೆ ಎಲ್ಲಿ? ನಾನು ಕೀಬೋರ್ಡ್ ನುಡಿಸಿದೆ. ಮಕ್ಕಳು ತಟ್ಟೆಗೆ ಚಮಚದಲ್ಲಿ ಬಾರಿಸಿದರು. ಹೆಂಡತಿ ಹಾಡಿದಳು. ಅವಳ ಗಂಟಲು ಇಷ್ಟು ಚೆನ್ನಾಗಿದೆ ಅಂತ ನನಗೆ ಗೊತ್ತಿರಲಿಲ್ಲ ಅಂದರೆ ನೀವು ನಗಬಹುದು. ಅಟ್ಟದ ಮೇಲೆ ಕೂತವನಿಗೆ ಕೊನೆಯ ಸಾಲಿನ ಹಾಡು ಕೇಳಿಸುವುದಿಲ್ಲ.

ಈಗ ಕಲ್ಲು.

ಭಾನುವಾರ ಬೆಳಿಗ್ಗೆ ಊಟದ ಮೇಜಿಗೆ ಬೆಡ್‌ಶೀಟ್ ಹೊದಿಸಿ ಸಮಾಧಿ ಮಾಡಿದೆವು. ಮಗಳು ಮಗ್ದಲದ ಮರಿಯ, ಯೇಸುವಿನ ಸಮಾಧಿ ನೋಡಲು ಹೋದ ಹೆಂಗಸರಲ್ಲಿ ಒಬ್ಬಳು. ಹೆಂಡತಿ ದೇವದೂತೆ. ನಿನಗೆ ಯಾವ ಪಾತ್ರ ಬೇಕು ಅಂತ ಮಗನನ್ನು ಕೇಳಿದರೆ, ‘ನಾನು ಕಲ್ಲು’ ಅಂದ. ಹೋಗಿ ಮೇಜಿನ ಮುಂದೆ ಮುದುಡಿ ಮಲಗಿದ. ಮಾರ್ಕನ ಶುಭಸಂದೇಶದಲ್ಲಿ ಆ ಹೆಂಗಸರು ದಾರಿಯುದ್ದಕ್ಕೂ ಮಾತಾಡಿಕೊಳ್ಳುವುದು ಇದೇ, ಕಲ್ಲು ಉರುಳಿಸಿಕೊಡುವವರು ಯಾರು ಅಂತ. ಮಗಳು ಬಂದಳು. ಕಲ್ಲು ಅಲುಗಲಿಲ್ಲ. ‘ಉರುಳೋ’ ಅಂದಳು. ‘ಕಲ್ಲಿಗೆ ಕಿವಿ ಇಲ್ಲ’ ಅಂತ ಕಲ್ಲೇ ಹೇಳಿತು. ದೇವದೂತೆ ಬಂದು ತಳ್ಳಿದಳು. ಇಲ್ಲ. ನಾನು ಬಂದೆ. ಇಲ್ಲ. ಕೊನೆಗೆ ಮಗಳು ಅವನ ಪಕ್ಕದಲ್ಲಿ ಮಲಗಿ ಕಿವಿಯಲ್ಲಿ ಏನೋ ಹೇಳಿದಳು. ಕಲ್ಲು ನಗುತ್ತಾ ತಾನೇ ಉರುಳಿಕೊಂಡು ಅಡುಗೆಮನೆಯವರೆಗೆ ಹೋಯಿತು. ಏನು ಹೇಳಿದೆ ಅಂತ ಕೇಳಿದೆ. ಇವತ್ತಿನವರೆಗೂ ಹೇಳಿಲ್ಲ.

ಯೇಸು ಎದ್ದ ದಿನದ ಸಂಜೆ ಶಿಷ್ಯರು ಹೆದರಿ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದರು ಅನ್ನುವುದನ್ನು ಕಳೆದ ವರ್ಷ ಎಲ್ಲ ಗುರುಗಳೂ ಹೇಳಿದರು, ನಾನು ಮತ್ತೆ ಹೇಳುವುದು ಬೇಡ. ಮಗಳು ಕೇಳಿದ್ದು ಬೇರೆ. ‘ಒಳಗೆ ತಿನ್ನೋಕೆ ಏನಿತ್ತು?’ ನನಗೆ ತಿಳಿದಿರಲಿಲ್ಲ. ಹುಡುಕಿದೆವು. ಲೂಕನ 24ನೇ ಅಧ್ಯಾಯದಲ್ಲಿದೆ. ಯೇಸು ಬಂದು ತಿನ್ನೋಕೆ ಏನಾದರೂ ಇದೆಯಾ ಅಂತ ಕೇಳುತ್ತಾರೆ. ಶಿಷ್ಯರು ಒಂದು ತುಂಡು ಸುಟ್ಟ ಮೀನು ಕೊಡುತ್ತಾರೆ. ಯೇಸು ಅದನ್ನು ಎಲ್ಲರ ಮುಂದೆ ತಿನ್ನುತ್ತಾರೆ. ಅದಕ್ಕೂ ಮುಂಚೆ ಎಮ್ಮಾವುಸ್ ಎಂಬ ಊರಿನ ದಾರಿಯಲ್ಲಿ ಸಿಕ್ಕ ಇಬ್ಬರು ಶಿಷ್ಯರು ಅವರನ್ನು ಗುರುತಿಸಿದ್ದೂ ಊಟಕ್ಕೆ ಕೂತಾಗಲೇ, ರೊಟ್ಟಿ ಮುರಿದಾಗ. ಅಡುಗೆಮನೆಯಿಂದ ಇಷ್ಟು ದೂರ ನಿಂತು ನಾನು ಈ ಕತೆಯನ್ನು ಹೇಗೆ ಓದುತ್ತಿದ್ದೆನೋ.

ಎಲ್ಲರ ಮನೆಯಲ್ಲೂ ಹೀಗೇ ಇತ್ತು ಅಂತ ನಾನು ಹೇಳುತ್ತಿಲ್ಲ. ಒಂದೇ ಕೋಣೆಯಲ್ಲಿ ಜ್ವರ ಬಂದವರ ಜೊತೆ ಇದ್ದವರಿದ್ದಾರೆ. ಅಮ್ಮ ಆಸ್ಪತ್ರೆ ಕೆಲಸದಲ್ಲಿದ್ದು, ಮಕ್ಕಳು ಅವಳನ್ನು ಕಿಟಕಿಯಾಚೆಯಿಂದ ನೋಡಿದ ಮನೆಗಳಿವೆ. ನಮ್ಮಲ್ಲೂ ಎಲ್ಲ ಸುಂದರವಾಗಿರಲಿಲ್ಲ. ಶನಿವಾರ ಮಧ್ಯಾಹ್ನ ನಾನು ಕಿರುಚಿದ್ದನ್ನು ಇಲ್ಲಿ ಬರೆದಿಲ್ಲ. ಫೋಟೊ ತೆಗೆದು ಹಾಕುವ ಹಾಗಿದ್ದಿದ್ದು ನೀಲಿ ಮೊಟ್ಟೆ ಮಾತ್ರ.

ಚರ್ಚು ನಡೆಸುವವರಲ್ಲಿ ನನ್ನ ಬೇಡಿಕೆ ಚಿಕ್ಕದು. ಈ ಸಲ ಪಿಡಿಎಫ್ ಕಳಿಸುವುದಾದರೆ ಮಕ್ಕಳಿರುವ ಮನೆಗೆ ಅರ್ಧ ಪುಟ ಸಾಕು. ಒಂದು ಓದು, ಒಂದು ಹಾಡು, ಕೈಗೆ ಒಂದು ಕೆಲಸ. ಬಾಗಿಲು ತೆರೆದ ಮೇಲೂ ಅದನ್ನು ನಿಲ್ಲಿಸಬೇಡಿ. ನನ್ನಂಥ ಅಪ್ಪಂದಿರಿಗೆ ಹೇಳುವುದು ಇಷ್ಟೇ. ವರ್ಷಕ್ಕೆ ಒಂದು ರಾತ್ರಿ ಕೀಬೋರ್ಡನ್ನು ಬೇರೆಯವರಿಗೆ ಬಿಟ್ಟು ಕೆಳಗೆ, ಕೊನೆಯ ಸಾಲಿಗೆ ಬನ್ನಿ. ಈ ವರ್ಷ ಚರ್ಚು ತೆರೆದರೆ ನಾನು ಅಲ್ಲಿ ಕೂರುತ್ತೇನೆ ಅಂತ ತಂಡಕ್ಕೆ ತಿಳಿಸಿದ್ದೇನೆ. ಸ್ವಲ್ಪ ಮುನಿಸಿಕೊಂಡಿದ್ದಾರೆ.

ನಿನ್ನೆ ಮಗಳು ಆ ಬತ್ತಿಯನ್ನು ಪೆಟ್ಟಿಗೆಯಿಂದ ತೆಗೆದಳು. ಇನ್ನೂ ಅರ್ಧಕ್ಕಿಂತ ಜಾಸ್ತಿ ಉಳಿದಿದೆ. ಪಿನ್ನು ಹಿಡಿದು ತುಂಬ ಹೊತ್ತು ನೋಡುತ್ತಾ ಕೂತಿದ್ದಳು. ಒಂದನ್ನು ಸೊನ್ನೆ ಮಾಡಬಹುದು, ಸೊನ್ನೆಯನ್ನು ಒಂದು ಮಾಡೋಕೆ ಆಗಲ್ಲ ಅನ್ನುವುದು ಅವಳ ಸಂಕಟ.

‘ಈ ಸಲನೂ ಹಿಂಗೇ ಅಂತ ಗೊತ್ತಿದ್ದಿದ್ರೆ, ಕೊನೇದನ್ನ ಖಾಲಿ ಬಿಡ್ತಿದ್ದೆ ಅಪ್ಪ.’

ಇತಿ,
ನಿಮ್ಮ ಹಳೆಯ ಓದುಗ